ಅರ್ಧ ಫೆಲೋಶಿಪ್ಪು, ಹಿಡಿ ಮರಳು

ಪಿಎಚ್‌ಡಿ ಮಾಡುವವರನ್ನು ಊರಿನವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಯಾವಾಗ ಮುಗಿಯುತ್ತದೆ, ತಿಂಗಳಿಗೆ ಎಷ್ಟು ಸಿಗುತ್ತದೆ. ನನ್ನ ಉತ್ತರ ಕೇಳಿದ ಮೇಲೆ ಮೂರನೆಯದೂ ಹುಟ್ಟಿಕೊಳ್ಳುತ್ತದೆ: ‘ಅರ್ಧ ರೊಕ್ಕ ಫ್ಯಾಕ್ಟರಿಯವ್ರು ಯಾಕ ಕೊಡತಾರ?’

ನನ್ನ ಫೆಲೋಶಿಪ್ಪಿನ ಅರ್ಧ ಬರುವುದು ವಿಶ್ವವಿದ್ಯಾಲಯದಿಂದ, ಉಳಿದರ್ಧ ಬೆಳಗಾವಿಯ ಒಂದು ಸಣ್ಣ ಫೌಂಡ್ರಿಯಿಂದ. ಎರಡೂ ಕಡೆ ಹಾಜರಿ ಪುಸ್ತಕ ಇದೆ. ವಾರದಲ್ಲಿ ಮೂರು ದಿನ ಲ್ಯಾಬು, ಎರಡು ದಿನ ಕಾರ್ಖಾನೆ. ಲ್ಯಾಬಿನಲ್ಲಿ ನಾನು ‘ಇಂಡಸ್ಟ್ರಿ ಕ್ಯಾಂಡಿಡೇಟ್’, ಕಾರ್ಖಾನೆಯಲ್ಲಿ ‘ಕಾಲೇಜಿನವರು’. ಅರ್ಧ ಫೆಲೋಶಿಪ್ಪು ಅಂದ ಕೂಡಲೇ ಎಲ್ಲರೂ ಕಂಪನಿಯ ಪಾಲು ತಡವಾಗುತ್ತದೆಂದು ಊಹಿಸುತ್ತಾರೆ. ಆದರೆ ಅದು ಪ್ರತಿ ತಿಂಗಳು ಏಳನೇ ತಾರೀಖಿನೊಳಗೆ, ಮೋಲ್ಡರುಗಳ ಪಗಾರದ ಜೊತೆಗೇ ಬಂದು ಬೀಳುತ್ತದೆ. ನಾಲ್ಕೈದು ತಿಂಗಳಿಗೊಮ್ಮೆ ಗಂಟಾಗಿ ಬರುವುದು ಇನ್ನೊಂದು ಅರ್ಧ. ಹೀಗಾಗಿ ನನ್ನ ರೂಮಿನ ಬಾಡಿಗೆ ಕಟ್ಟುವುದು ಬೀಡುಕಬ್ಬಿಣ, ಪುಸ್ತಕ ಮತ್ತು ಊರಿನ ಖರ್ಚು ನೋಡಿಕೊಳ್ಳುವುದು ಉನ್ನತ ಶಿಕ್ಷಣ.

ಈ ಬಗೆಯ ಏರ್ಪಾಡು ನಮ್ಮ ವಿಭಾಗಕ್ಕೆ ಹೊಸದು, ಜಗತ್ತಿಗಲ್ಲ. ಫ್ರಾನ್ಸಿನಲ್ಲಿ 1981ರಿಂದ ಸಿಫ್ರ್ ಎಂಬ ಯೋಜನೆ ನಡೆಯುತ್ತಿದೆ. ಅಲ್ಲಿ ಕಂಪನಿಯೇ ಸಂಶೋಧಕನನ್ನು ಮೂರು ವರ್ಷಕ್ಕೆ ನೌಕರಿಗೆ ತೆಗೆದುಕೊಳ್ಳುತ್ತದೆ, ಆ ಖರ್ಚಿನ ಒಂದು ಭಾಗವನ್ನು ಸರ್ಕಾರ ತುಂಬಿಕೊಡುತ್ತದೆ. ವೇಲ್ಸ್‌ನಲ್ಲಿ ಬ್ಯಾಂಗರ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಕೆಸ್ ಎಂಬ ಯೋಜನೆ ಇತ್ತು. ಸ್ಥಳೀಯ ಕಂಪನಿಯೊಂದಕ್ಕೆ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಜೋಡಿಸುವ ಕೆಲಸ ಅದರದ್ದು. ಹಣ ಯುರೋಪಿಯನ್ ಸೋಶಿಯಲ್ ಫಂಡಿನದು. ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ಆ ಹಣದ ಒರತೆ ಬತ್ತಿತು, ಯೋಜನೆಯೂ ಮುಗಿಯಿತು. ನಮ್ಮಲ್ಲಿ ಪ್ರಧಾನಮಂತ್ರಿ ಹೆಸರಿನ ಡಾಕ್ಟರಲ್ ಫೆಲೋಶಿಪ್ ಇದೇ ಅರ್ಧ-ಅರ್ಧದ ಲೆಕ್ಕದ್ದು. ಅದಕ್ಕೆ ಕೈಹಾಕುವುದು ಸಾಮಾನ್ಯವಾಗಿ ದೊಡ್ಡ ಕಂಪನಿಗಳು. ಶಿಫ್ಟಿಗೆ ನಲವತ್ತು ಜನ ದುಡಿಯುವ ಫೌಂಡ್ರಿಗೆ ಆ ಅರ್ಜಿ ತುಂಬಲು ಇನ್ನೊಬ್ಬ ಪಿಎಚ್‌ಡಿಯವನೇ ಬೇಕು. ನನ್ನದು ಅದಕ್ಕಿಂತ ತೀರಾ ಚಿಕ್ಕ ವ್ಯವಹಾರ: ವಿಭಾಗಕ್ಕೂ ಕಾರ್ಖಾನೆಗೂ ನಡುವೆ ಒಂಬತ್ತು ಪುಟದ ಒಂದು ಒಪ್ಪಂದ.

ಹಾಗೆ ನೋಡಿದರೆ ಕರ್ನಾಟಕದಲ್ಲಿ ಇದಕ್ಕೆ ನೂರು ವರ್ಷಕ್ಕೂ ಹಳೆಯ ಒಂದು ಮಾದರಿ ಇದೆ. ಮೈಸೂರಿನ ಶ್ರೀಗಂಧ ಮೊದಲು ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಮರ ಕೊಳ್ಳುವವರಿಲ್ಲದಂತಾಯಿತು. ಆಗ ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆಲ್ಫ್ರೆಡ್ ಚಾಟರ್ಟನ್ ಹೋಗಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ. ಅಲ್ಲಿನ ರಸಾಯನಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನ ಕುದುರಿಸಿದರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ, 1918ರಲ್ಲಿ ಸೋಪಿನ ಕಾರ್ಖಾನೆ. ಉದ್ಯಮ–ವಿಶ್ವವಿದ್ಯಾಲಯದ ನಂಟಿನ ಬಗ್ಗೆ ನಡೆಯುವ ಸೆಮಿನಾರುಗಳಲ್ಲಿ ಸಿಲಿಕಾನ್ ಕಣಿವೆಯ ಸ್ಲೈಡು ತೋರಿಸುವವರು ತಮ್ಮ ಬಚ್ಚಲಿನ ಸೋಪನ್ನು ತೋರಿಸಬಹುದಿತ್ತು.

ಆದರೆ ಗಂಧದೆಣ್ಣೆಯ ಪ್ರಶ್ನೆ ಇಡೀ ಸಂಸ್ಥಾನದ ಪ್ರಶ್ನೆಯಾಗಿತ್ತು. ಕೇಳಿದವರೂ ಹಣ ಕೊಟ್ಟವರೂ ಫಲ ಉಂಡವರೂ ಹೆಚ್ಚುಕಡಿಮೆ ಒಬ್ಬರೇ. ನನ್ನ ಪಾಡು ಹಾಗಲ್ಲ.

ಫೌಂಡ್ರಿ ನೋಡದವರಿಗೆ ಸ್ವಲ್ಪ ಹೇಳಬೇಕು. ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆ ಹೋದರೆ ಇಂಥವು ಸಾಕಷ್ಟಿವೆ. ಪಂಪು, ವಾಲ್ವು, ವಾಹನಗಳ ಬಿಡಿಭಾಗ ಎರಕ ಹೊಯ್ಯುವ ಕಾರ್ಖಾನೆಗಳು. ಸುಮಾರು 1,400 ಡಿಗ್ರಿಯ ಕರಗಿದ ಕಬ್ಬಿಣವನ್ನು ಹಿಡಿಯುವುದು ಯಾವ ಉಕ್ಕಿನ ಪಾತ್ರೆಯೂ ಅಲ್ಲ, ಒದ್ದೆ ಮರಳು. ಸಿಲಿಕಾ ಮರಳಿಗೆ ಕಚ್ಛ್ ಕಡೆಯ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ, ಮೂರರಿಂದ ನಾಲ್ಕು ಪ್ರತಿಶತ ನೀರು ಸೇರಿಸಿ ಕಲಸುತ್ತಾರೆ. ನೀರು ಕಡಿಮೆಯಾದರೆ ಅಚ್ಚಿನ ಅಂಚು ಉದುರುತ್ತದೆ. ಹೆಚ್ಚಾದರೆ ಆವಿಯಾಗಿ ಕಬ್ಬಿಣದೊಳಗೆ ಸಿಕ್ಕಿಕೊಂಡು ಗುಳ್ಳೆ ಬೀಳುತ್ತದೆ. ಹೊರಗೆ ನುಣ್ಣಗೆ ಕಾಣುವ ಪಂಪಿನ ಮೈಯನ್ನು ಲೇತಿಗೆ ಹಾಕಿ ಒಂದು ಪದರ ತೆಗೆದಾಗ ಒಳಗಿನ ತೂತು ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಆ ತುಂಡು ರಿಜೆಕ್ಟ್. ಕಬ್ಬಿಣವನ್ನೇನೋ ಮತ್ತೆ ಕರಗಿಸಬಹುದು, ಕರೆಂಟನ್ನೂ ಕೂಲಿಯನ್ನೂ ಕರಗಿಸಿ ವಾಪಸು ಪಡೆಯಲಾಗದು.

ನಾನು ಅಲ್ಲಿಗೆ ಹೊತ್ತೊಯ್ದ ಪ್ರಶ್ನೆ ಬೇರೆಯಿತ್ತು. ಅದೇ ಮರಳನ್ನು ಎಷ್ಟೋ ಸಲ ತಿರುಗಿಸಿ ಬಳಸಿದ ಮೇಲೆ ಅದರಲ್ಲಿನ ಜೇಡಿ ಸುಟ್ಟು ಸತ್ತುಹೋಗುತ್ತದೆ. ಫೌಂಡ್ರಿಯ ಭಾಷೆಯಲ್ಲೇ ಅದಕ್ಕೆ ‘ಸತ್ತ ಜೇಡಿ’ ಎನ್ನುತ್ತಾರೆ. ಎಷ್ಟು ನೀರು ಹಾಕಿದರೂ ಮತ್ತೆ ಅಂಟು ಬರುವುದಿಲ್ಲ. ಅಂಥ ಕಪ್ಪು ಮರಳನ್ನು ಟ್ರ್ಯಾಕ್ಟರಿಗೆ ತುಂಬಿ ಹೊರಗೆ ಸಾಗಿಸುತ್ತಾರೆ. ಅದು ಎಲ್ಲಿ ಬೀಳುತ್ತದೆ, ಮಳೆನೀರಿನ ಜೊತೆ ಅದರಿಂದ ಏನು ಇಳಿದು ಹೋಗುತ್ತದೆ, ಅದನ್ನು ರಸ್ತೆಬದಿಯ ಪೇವರ್ ಬ್ಲಾಕಿಗೆ ಎಷ್ಟು ಪಾಲು ಹಾಕಬಹುದು, ಇದು ನನ್ನ ಪ್ರಸ್ತಾವನೆ. ಮಾಲೀಕರು ಗಮನವಿಟ್ಟು ಕೇಳಿದರು. ಒಳ್ಳೆಯ ಮನುಷ್ಯ, ಒಂದು ಕಾಲಕ್ಕೆ ತಾವೂ ಡಿಪ್ಲೊಮಾ ಓದಿದವರು. ಆಮೇಲೆ ಹೇಳಿದರು: ‘ಇದು ಛಲೋ ಐತ್ರಿ. ಆದ್ರ ನನಗ ಮಳಿಗಾಲದಾಗ ಗುಳ್ಳಿ ಬೀಳತಾವ. ಅದನ್ನ ಮೊದಲ ನೋಡ್ರಿ.’

ಅದನ್ನೇ ನೋಡುತ್ತಿದ್ದೇನೆ. ನಾಲ್ಕು ವರ್ಷದ ನನ್ನ ಪ್ರಬಂಧದ ಶೀರ್ಷಿಕೆಯಲ್ಲಿ ಈಗ ತೇವಾಂಶವಿದೆ, ಜೀವಂತ ಜೇಡಿಯಿದೆ, ಕಸದ ಮರಳಿಲ್ಲ. ಕಂಪನಿಯ ಪ್ರಶ್ನೆ ಕೆಟ್ಟದ್ದು ಎಂದು ನನಗೆ ಅನಿಸುವುದಿಲ್ಲ. ನಿಜ ಹೇಳಬೇಕೆಂದರೆ, ಪ್ರಶ್ನೆಯಾಗಿ ಅದು ನನ್ನದಕ್ಕಿಂತ ಚೊಕ್ಕವಾಗಿದೆ: ಅಳೆಯಬಹುದು, ಸುಳ್ಳಾದರೆ ಮರುದಿನವೇ ಗೊತ್ತಾಗುತ್ತದೆ. ಆದರೆ ಅದು ಕಾರ್ಖಾನೆಯ ಗೇಟಿನೊಳಗಿನ ಪ್ರಶ್ನೆ. ಸ್ಥಳೀಯ ಉದ್ಯಮದ ಜೊತೆ ಸಂಶೋಧನೆ ಎನ್ನುವಾಗ ‘ಸ್ಥಳೀಯ’ ಎಂಬ ಮಾತು ಗೇಟಿನ ತನಕ ಮಾತ್ರ ಬರುತ್ತದೆ. ಗೇಟಿನಾಚೆ ಟ್ರ್ಯಾಕ್ಟರು ಹೋದ ದಾರಿಯೂ ಅದೇ ಊರಿನದು. ಆ ಪ್ರಶ್ನೆಗೆ ಅರ್ಧ ಫೆಲೋಶಿಪ್ಪು ಕೊಡುವ ಯಾರನ್ನೂ ನಾನಿನ್ನೂ ಕಂಡಿಲ್ಲ. ಅದಕ್ಕೆ ಪೂರ್ತಿ ಫೆಲೋಶಿಪ್ಪೇ ಬೇಕು, ಅಂದರೆ ಸಾರ್ವಜನಿಕ ಹಣ. ಜೆಆರ್‌ಎಫ್ ಇದ್ದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಪ್ರಶ್ನೆಯೂ ಅವರದ್ದೇ. ಆ ಪರೀಕ್ಷೆ ದಾಟದ ನಮ್ಮಂಥವರು ಪ್ರಶ್ನೆಯನ್ನು ಹಂಚಿಕೊಂಡು ಹೊಟ್ಟೆ ತುಂಬಿಸಿಕೊಳ್ಳುತ್ತೇವೆ.

ಹೀಗೆ ಹೇಳಿದೆ ಎಂದು ನನಗೆ ಅಲ್ಲಿ ಬೇಸರ ಎಂದುಕೊಳ್ಳಬೇಡಿ. ಕಾರ್ಖಾನೆಯ ಎರಡು ದಿನಕ್ಕಾಗಿ ನಾನು ಕಾಯುತ್ತೇನೆ. ಅದಕ್ಕೆ ಮುಖ್ಯ ಕಾರಣ ಮೋಲ್ಡಿಂಗ್ ವಿಭಾಗದ ಒಬ್ಬ ಹಿರಿಯರು, ಎಲ್ಲರ ಬಾಯಲ್ಲಿ ‘ಮಾಮಾ’. ಕನ್ನಡ ಅರ್ಧ, ಮರಾಠಿ ಅರ್ಧ. ಮರಳು ಕಲಸುವ ಯಂತ್ರದಿಂದ ಒಂದು ಹಿಡಿ ತೆಗೆದು, ಬಿಗಿಯಾಗಿ ಹಿಂಡಿ, ಎರಡು ಬೆರಳಲ್ಲಿ ಮುರಿಯುತ್ತಾರೆ. ಮುರಿದ ಅಂಚು ಚೂಪಾಗಿದ್ದರೆ ಸರಿ. ಪುಡಿಯಾಗಿ ಉದುರಿದರೆ ನೀರು ಸಾಲದು. ಅಂಗೈಗೆ ಅಂಟಿದರೆ ಜಾಸ್ತಿ. ಲೋಕದ ಹಳೆಯ ಫೌಂಡ್ರಿಗಳಲ್ಲೆಲ್ಲ ಈ ಪರೀಕ್ಷೆ ಇದೆ, ಪಠ್ಯಪುಸ್ತಕದಲ್ಲೂ ಇದಕ್ಕೆ ಒಂದು ಸಾಲು ಸಿಗುತ್ತದೆ. ಆದರೆ ಮಾಮಾ ಅಲ್ಲಿಗೆ ನಿಲ್ಲುವುದಿಲ್ಲ. ತಿರುಗುವ ಯಂತ್ರದ ಸದ್ದು ಕೇಳುತ್ತಾರೆ. ಮರಳು ಬಿಸಿಯಿದೆಯೇ ಎಂದು ಮುಂಗೈಯಿಂದ ಮುಟ್ಟಿ ನೋಡುತ್ತಾರೆ. ಎರಕದಿಂದ ವಾಪಸು ಬಂದ ಮರಳು ಆರಿರದಿದ್ದರೆ ಹಾಕಿದ ನೀರು ಅಚ್ಚಾಗುವ ಮೊದಲೇ ಹಾರಿಹೋಗುತ್ತದೆ, ಹಾಗಾಗಿ ಆಗ ಯಂತ್ರ ತೋರಿಸುವ ಅಂಕಿ ನಂಬುವಂತಿಲ್ಲ.

ನನ್ನ ಕೆಲಸ ಇದರ ಪಕ್ಕದಲ್ಲಿ ಕೂತು ಅಳೆಯುವುದು. ತೇವಾಂಶಕ್ಕೆ ಒಂದು ಸೆನ್ಸರ್, ಜೇಡಿಗೆ ಮೆಥಿಲೀನ್ ಬ್ಲೂ ಪರೀಕ್ಷೆ. ಮರಳನ್ನು ಕುದಿಸಿ, ನೀಲಿ ದ್ರಾವಣ ಹನಿಹನಿಯಾಗಿ ಬಿಟ್ಟು, ಫಿಲ್ಟರ್ ಕಾಗದದ ಮೇಲೆ ಒಂದು ಬೊಟ್ಟು ಇಡುವುದು. ಬೊಟ್ಟಿನ ಸುತ್ತ ಹಸಿರು ನೀಲಿಯ ಪ್ರಭೆ ಮೂಡಿದಾಗ ಜೀವಂತ ಜೇಡಿ ಎಷ್ಟಿದೆ ಎಂದು ಲೆಕ್ಕ ಸಿಗುತ್ತದೆ. ಇಷ್ಟಾಗುವ ಹೊತ್ತಿಗೆ ಅತ್ತ ಆ ಮರಳು ಅಚ್ಚಾಗಿ, ಕಬ್ಬಿಣ ಕುಡಿದು, ಆರುತ್ತಿರುತ್ತದೆ.

‘ಏನಂತೈತ್ರೀ ಸರ ನಿಮ್ಮ ಮಷಿನ್ನು?’

‘ಮೂರೂವರಿ, ಮಾಮಾ.’

‘ಮೂರೂವರಿ ಇಲ್ರೀ ಅದು. ಅದಕ್ಕಿನ್ನೂ ಜ್ವರಾ ಇಳಿದಿಲ್ಲ.’

ನಾನು ಅವರ ಮಾತನ್ನೂ ದಾಖಲಿಸತೊಡಗಿದೆ. ದಿನಕ್ಕೆ ಎರಡು ಸಲ, ಸೆನ್ಸರಿನ ಅಂಕಿ ಅವರಿಗೆ ತೋರಿಸುವ ಮೊದಲು: ಕಡಿಮೆ, ಸರಿ, ಜಾಸ್ತಿ. ನನ್ನ ನಾಲ್ಕನೇ ಅಧ್ಯಾಯ ನಿಂತಿರುವುದು ಈ ಮೂರು ಶಬ್ದಗಳ ಮೇಲೆ. ಸೆನ್ಸರನ್ನು ಯಾವುದಕ್ಕೆ ಹೊಂದಿಸಬೇಕು ಎಂದರೆ, ಕೊನೆಗೂ ಆ ಅಂಗೈಗೇ. ವಿಶ್ವವಿದ್ಯಾಲಯದ ಜ್ಞಾನ ಉದ್ಯಮಕ್ಕೆ ಹರಿಯಬೇಕು ಎಂದು ನಮ್ಮ ಒಪ್ಪಂದದ ಮೊದಲ ಪುಟದಲ್ಲಿ ಬರೆದಿದೆ. ಈ ತನಕ ಹರಿದದ್ದರಲ್ಲಿ ಬಹುಪಾಲು ಇತ್ತಕಡೆಗೇ ಹರಿದಿದೆ.

ತೊಡಕು ಬಂದಿರುವುದು ಏಳನೇ ಪುಟದಿಂದ. ಅಲ್ಲಿ ಗೋಪ್ಯತೆಯ ಕಲಮು ಇದೆ. ಮರಳಿನ ಮಿಶ್ರಣದ ಪ್ರಮಾಣ, ರಿಜೆಕ್ಷನ್ನಿನ ಲೆಕ್ಕ, ‘ಕೆಲಸದ ವಿಧಾನ’ ಯಾವುದನ್ನೂ ಅನುಮತಿಯಿಲ್ಲದೆ ಪ್ರಕಟಿಸುವಂತಿಲ್ಲ. ರಿಜೆಕ್ಷನ್ನಿನ ಲೆಕ್ಕ ಮುಚ್ಚಿಡುವುದು ನನಗೆ ಅರ್ಥವಾಗುತ್ತದೆ, ಗಿರಾಕಿ ಅದನ್ನು ಓದಿದರೆ ಮುಂದಿನ ಆರ್ಡರಿನ ದರ ಇಳಿಯುತ್ತದೆ. ಆದರೆ ಪಿಎಚ್‌ಡಿ ಎಂಬುದು ಸ್ವಭಾವದಲ್ಲೇ ಬಹಿರಂಗದ ಕೆಲಸ. ಪ್ರಬಂಧವನ್ನು ಶೋಧಗಂಗಾಕ್ಕೆ ಏರಿಸಬೇಕು, ವೈವಾ ತೆರೆದ ಬಾಗಿಲಿನಲ್ಲಿ ನಡೆಯುತ್ತದೆ. ಪದವಿಗೆ ಪ್ರಕಟಿತ ಲೇಖನ ಕಡ್ಡಾಯ ಎಂಬ ನಿಯಮವನ್ನು ಯುಜಿಸಿ 2022ರಲ್ಲಿ ತೆಗೆದಿತು ನಿಜ. ಆದರೆ ಲೇಖನವಿಲ್ಲದ ಪದವಿ ಹಿಡಿದು ಅಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಹೋಗಿ ಬಂದವರನ್ನು ಕೇಳಿ ನೋಡಿ. ಸಿಫ್ರ್‌ನಂಥ ಯೋಜನೆಗಳಲ್ಲಿ ದಶಕಗಳಿಂದ ಈ ಜಗ್ಗಾಟ ಪಳಗಿದೆ. ನಮ್ಮಲ್ಲಿ ಒಪ್ಪಂದದ ಕರಡು ಎಲ್ಲಿಂದಲೋ ನಕಲಾಗಿ ಬರುತ್ತದೆ. ನಮ್ಮದರಲ್ಲಿ ಒಂದು ಕಡೆ ‘ಸಾಫ್ಟ್‌ವೇರ್ ಕೋಡ್’ ಎಂಬ ಶಬ್ದ ಹಾಗೇ ಉಳಿದುಬಿಟ್ಟಿದೆ.

ಹೋದ ತಿಂಗಳು ಮಾಲೀಕರ ಜೊತೆ ಕೂತು ಅಧ್ಯಾಯಗಳನ್ನು ಒಂದೊಂದಾಗಿ ನೋಡಿದೆವು. ಮೂರನೆಯದಕ್ಕೆ ಕೂಡಲೇ ಒಪ್ಪಿಗೆ. ನಾಲ್ಕನೆಯದರಲ್ಲಿ ಪ್ರಮಾಣಗಳನ್ನು ನೇರ ಅಂಕಿಯಲ್ಲಿ ಕೊಡದೆ ಹೋಲಿಕೆಯ ಅನುಪಾತದಲ್ಲಿ ಕೊಡುವುದಾದರೆ ಅಡ್ಡಿಯಿಲ್ಲ ಎಂದರು. ಮಾಮಾನ ಹೆಸರು ಕೃತಜ್ಞತೆಯಲ್ಲಿ ಬರಬಹುದು. ವಿಧಾನದ ಭಾಗದಲ್ಲಿ, ಸೆನ್ಸರಿನ ಮಾಡೆಲ್ ನಂಬರ್ ಇರುವ ಕಡೆಯೇ, ಅವರ ಹೆಸರೂ ಅನುಭವದ ವರ್ಷಗಳೂ ಇರಲಿ ಎಂದು ನಾನು ಕೇಳಿದೆ. ಅದಕ್ಕೆ ಮಾಲೀಕರ ತಕರಾರಿಲ್ಲ. ‘ಮನುಷ್ಯ ಉಪಕರಣವೇ?’ ಎಂದು ಕೇಳಿದ್ದು ನಮ್ಮ ಸಮಿತಿ. ಅದಿನ್ನೂ ಇತ್ಯರ್ಥವಾಗಿಲ್ಲ.

ಇದರ ನಡುವೆ ಇನ್ನೊಂದು ಗಡಿಬಿಡಿ. ಮಾಮಾ ಬರುವ ಮಾರ್ಚಿಗೆ ನಿವೃತ್ತರಾಗುತ್ತಾರೆ. ನನ್ನ ಬಳಿ ಇರುವುದು ಒಂದೇ ಮಳೆಗಾಲದ ದಾಖಲೆ. ಬೆಳಗಾವಿಯ ಮಳೆ ಒಂದು ವರ್ಷದಂತೆ ಇನ್ನೊಂದು ವರ್ಷ ಇರುವುದಿಲ್ಲ, ಇನ್ನೊಂದು ಮಳೆಗಾಲ ಬೇಕೇ ಬೇಕು. ಅವರನ್ನು ಕೇಳಿದೆ. ‘ಬರತೇನ್ರಿ, ಮನ್ಯಾಗ ಕುಂತು ಏನ್ ಮಾಡಲಿ? ಆದ್ರ ಪಗಾರ ಯಾರು ಕೊಡತಾರ?’ ಎಂದರು. ನ್ಯಾಯವಾದ ಪ್ರಶ್ನೆ. ಕಂಪನಿ ತನ್ನ ಪಾಲಿನ ಹಣದಿಂದ ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಗೂಲಿ ಕೊಡಲು ಸಿದ್ಧವಿದೆ, ಆದರೆ ಯೋಜನೆಯ ಹಣ ಹೊರಹೋಗುವುದು ವಿಶ್ವವಿದ್ಯಾಲಯದ ಲೆಕ್ಕದ ಮೂಲಕ. ನಾನು ಅರ್ಜಿ ಕೊಟ್ಟೆ. ಹಣಕಾಸು ವಿಭಾಗದಿಂದ ಮೊನ್ನೆ ಅದು ಒಂದು ಷರಾದೊಂದಿಗೆ ವಾಪಸು ಬಂದಿದೆ: ಈ ಖರ್ಚನ್ನು ಯಾವ ಶೀರ್ಷಿಕೆಯಡಿ ಹಾಕಬೇಕು, ಉಪಕರಣವೇ, ಪ್ರಯಾಣವೇ, ಬಳಕೆಯ ಸಾಮಗ್ರಿಯೇ, ಸ್ಪಷ್ಟಪಡಿಸಿ. ಸೋಮವಾರದೊಳಗೆ ಉತ್ತರ ಬರೆಯಬೇಕು.