ಯಂತ್ರದ ಸಮದರ್ಶನ

ಈ ಕಾಲದ ಡಿಜಿಟಲ್ ಕ್ಯಾಮರಾಗಳಲ್ಲಿ ಬಹುಪಾಲಿನವುಗಳ ನೆತ್ತಿಯ ಮೇಲೆ ಒಂದು ಪುಟ್ಟ ಚಕ್ರವಿರುತ್ತದೆ. ಅದರ ಅಂಚಿನ ಸುತ್ತ ಕೆಲವು ಅಕ್ಷರಗಳು, ಕೆಲವು ಚಿತ್ರಸಂಕೇತಗಳು. ಅವುಗಳ ನಡುವೆ ಅನೇಕ ವೇಳೆ ಹಸುರು ಬಣ್ಣದಲ್ಲಿ ಬರೆದ ಒಂದು ಗುರುತು. ಮಿಕ್ಕ ಗುರುತುಗಳೆಲ್ಲ ನಮ್ಮನ್ನು ಏನಾದರೊಂದು ಪ್ರಶ್ನೆ ಕೇಳುತ್ತವೆ. ಹಸುರು ಗುರುತು ಮಾತ್ರ ಏನನ್ನೂ ಕೇಳುವುದಿಲ್ಲ. ಬೆರಳೊಂದನ್ನು ಕೊಟ್ಟರೆ ಸಾಕು, ಉಳಿದ ಭಾರವನ್ನೆಲ್ಲ ತಾನೇ ಹೊರುವೆನೆಂದು ಅಭಯವೀಯುತ್ತದೆ. ಲೋಕದಲ್ಲಿ ಇಷ್ಟು ಧಾರಾಳವಾಗಿ ಅಭಯ ಕೊಡುವವರು ದೇವರನ್ನು ಬಿಟ್ಟರೆ ವಿಮಾ ಏಜೆಂಟರು ಮಾತ್ರವೆಂದು ನಾನು ತಿಳಿದಿದ್ದೆ.

ಕೈ ನುರಿತ ಛಾಯಾಗ್ರಾಹಕರು ಈ ಹಸುರು ಗುರುತನ್ನು ಕಂಡರೆ ಮೂಗು ಮುರಿಯುತ್ತಾರೆ. ಅದು ಅರಿಯದವರಿಗೆ ಹಾಕಿಕೊಟ್ಟ ಸುಲಭಮಾರ್ಗವೆಂದೂ, ಕಲಾವಿದನಾದವನು ಬೆಳಕಿನ ಅಳತೆಯನ್ನು ತಾನೇ ಮಾಡಿಕೊಳ್ಳಬೇಕೆಂದೂ ಅವರ ಮತ. ನನಗೆ ಆ ಮತದಲ್ಲಿ ಪೂರ್ಣನಿಷ್ಠೆಯಿಲ್ಲ. ಹೊಸ್ತಿಲು ದಾಟಲು ಮೊದಲ ಬಾರಿಗೆ ಕಾಲೆತ್ತಿರುವ ಮಗುವನ್ನು ಕುರಿತು, “ತಾಳು ಕಂದ, ಮಸೂರದ ಬಾಯನ್ನು ಎಷ್ಟು ತೆರೆಯಬೇಕೆಂಬುದನ್ನು ನಿಶ್ಚಯಿಸಿ ಹೇಳುತ್ತೇನೆ” ಎನ್ನಲಾದೀತೆ? ಧಾರೆಯ ಹೊತ್ತಿನಲ್ಲಿ ಕ್ಷಣಮಾತ್ರ ಹನಿಗೂಡಿ ಮರುಕ್ಷಣವೇ ಒರಸಿಹೋಗುವ ತಂದೆಯ ಕಣ್ಣು ಯಾರ ಲೆಕ್ಕಾಚಾರಕ್ಕೂ ಕಾದು ನಿಲ್ಲುವುದಿಲ್ಲ. ಅಂಥ ಸಮಯದಲ್ಲಿ ಹಸುರು ಗುರುತು ಮಾಡುವ ಉಪಕಾರ ಸಾಮಾನ್ಯವಾದುದಲ್ಲ.

ಅದು ಮಾಡುವ ಕೆಲಸವಾದರೂ ಎಂಥದು! ಮಸೂರದ ಬಾಯಿ ಎಷ್ಟು ಅಗಲವಾಗಿರಬೇಕು, ತೆರೆ ಎಷ್ಟು ಕಾಲ ಸರಿದು ನಿಲ್ಲಬೇಕು, ಒಳಗಿನ ಫಲಕಕ್ಕೆ ಬಂದ ಬೆಳಕನ್ನು ಎಷ್ಟು ಪಟ್ಟು ಹಿಗ್ಗಿಸಿ ಓದಬೇಕು ಎಂಬ ಮೂರು ಲೆಕ್ಕಗಳನ್ನು ಒಂದಕ್ಕೊಂದು ಸರಿದೂಗುವಂತೆ ಅದು ಮಾಡಬೇಕು. ಬಾಯಿ ಹೆಚ್ಚು ತೆರೆದರೆ ಹಿಂದುಮುಂದಿನ ವಸ್ತುಗಳು ಮಸುಕಾಗುತ್ತವೆ. ತೆರೆ ಹೆಚ್ಚು ಹೊತ್ತು ಸರಿದಿದ್ದರೆ ಓಡುವವರು ನೆರಳುಗಳಾಗುತ್ತಾರೆ. ಓದುವ ಚುರುಕು ಅತಿಯಾದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಕಾಣುತ್ತದೆ. ಇದರೊಡನೆ ಯಾವ ವಸ್ತುವಿನ ಮೇಲೆ ದೃಷ್ಟಿ ನೆಡಬೇಕು, ಬೆಳಕಿನ ಬಣ್ಣ ಯಾವುದು, ಬೇರೆ ದೀಪ ಬೇಕೆ ಬೇಡವೆ ಎಂಬ ವಿಚಾರಗಳೂ ಇವೆ. ಇಷ್ಟನ್ನೂ ನಾವು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಸಿ, ಆಯಿತೆಂದು ಸಣ್ಣಗೆ ಕಿಚ್ಚೆನ್ನುವ ಯಂತ್ರವನ್ನು ಅಲ್ಲಗಳೆಯುವುದು ಕೃತಜ್ಞತೆಯ ಲಕ್ಷಣವಲ್ಲ.

ಈ ಸೌಕರ್ಯದ ಆಸೆ ನಿನ್ನೆ ಮೊನ್ನೆಯದೂ ಅಲ್ಲ. 1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಕ್ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕಿಟ್ಟನು. ಅದರೊಳಗೆ 100 ಚಿತ್ರಗಳಿಗೆ ಸಾಲುವ ಸುರುಳಿಯಿತ್ತು. ಕೊಂಡವರು ಗುಂಡಿಯನ್ನೊತ್ತಿ, ಸುರುಳಿ ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳುಹಿಸಿದರೆ, ಚಿತ್ರಗಳೂ ಹೊಸ ಸುರುಳಿ ತುಂಬಿದ ಪೆಟ್ಟಿಗೆಯೂ ಹಿಂದಿರುಗಿ ಬರುತ್ತಿದ್ದುವು. 1938ರಲ್ಲಿ ಅದೇ ಕಂಪೆನಿ ಬೆಳಕನ್ನು ತಾನೇ ಅಳೆದು ಮಸೂರದ ಬಾಯನ್ನು ತಾನೇ ಹೊಂದಿಸಿಕೊಳ್ಳುವ ಕ್ಯಾಮರಾವನ್ನು ತಂದಿತು. ದೃಷ್ಟಿಯನ್ನೂ ತಾನೇ ನೆಡಬಲ್ಲ ಕ್ಯಾಮರಾ 1977ರಲ್ಲಿ ಜಪಾನಿನ ಕೊನಿಕಾ ಕಾರ್ಖಾನೆಯಿಂದ ಸಾಮಾನ್ಯ ಜನರ ಕೈಗೆ ಬಂದಿತು. ಅದಕ್ಕೆ ಎರಡು ವರ್ಷ ಮೊದಲು, 1975ರಲ್ಲಿ, ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಕೊಡಕ್ಕಿನ ಪ್ರಯೋಗಶಾಲೆಯಲ್ಲಿ ಫಿಲ್ಮಿಲ್ಲದ ಕ್ಯಾಮರಾವೊಂದನ್ನು ಮಾಡಿದ್ದನು. ಅದರ ಚಿತ್ರದಲ್ಲಿ ಇದ್ದದ್ದು 10,000 ಚುಕ್ಕೆಗಳು; ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ಹಿಡಿಯುತ್ತಿತ್ತು. ಆ ಪೆಟ್ಟಿಗೆಯ ಸಂತತಿಯೇ ಈಗ ಪ್ರತಿಯೊಬ್ಬರ ಜೇಬಿನಲ್ಲಿಯೂ ವಾಸಮಾಡುತ್ತಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕೊರತೆಯನ್ನು ಹೇಳಿದರೆ ಅಪಚಾರವಾಗದೆಂದು ನಂಬಿದ್ದೇನೆ. ಯಂತ್ರಕ್ಕೆ ಬೆಳಕು ಎಷ್ಟೆಂಬುದು ಗೊತ್ತು. ಆದರೆ ತನ್ನ ಮುಂದಿರುವ ವಸ್ತು ಹುಟ್ಟಿನಿಂದ ಕಪ್ಪೋ ಬಿಳುಪೋ ಎಂಬುದು ಆ ಅಳತೆಯೊಂದರಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಅದು ಮೂಲದಲ್ಲಿ ಒಂದು ಊಹೆಯನ್ನು ಇಟ್ಟುಕೊಂಡಿದೆ. ಲೋಕವನ್ನೆಲ್ಲ ಕಲಸಿ ಸರಾಸರಿ ತೆಗೆದರೆ ಅದು ನಡುಬೂದಿಯ ಬಣ್ಣಕ್ಕೆ ಬರುತ್ತದೆಂಬುದೇ ಆ ಊಹೆ. ಛಾಯಾಗ್ರಾಹಕರು ಬಹುಕಾಲದಿಂದ ಅಳತೆಗೆ ಇಟ್ಟುಕೊಂಡು ಬಂದಿರುವ ಬೂದುಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 18 ಪಾಲನ್ನು ಹಿಂದಿರುಗಿಸುತ್ತದೆ. ಅದಕ್ಕಿಂತ ಹೆಚ್ಚು ಬೆಳಗುವುದನ್ನು ಕೆಳಗಿಳಿಸುವುದೂ, ಕಡಿಮೆ ಬೆಳಗುವುದನ್ನು ಮೇಲೆತ್ತುವುದೂ ಯಂತ್ರದ ಸ್ವಧರ್ಮ.

ನಮ್ಮ ಊರಿನ ಕೆರೆಯ ಹಿಂಭಾಗದ ಗದ್ದೆಯಲ್ಲಿ ಎಮ್ಮೆಗಳು ಮೇಯುತ್ತವೆ; ಅವುಗಳ ಸುತ್ತ ಬೆಳ್ಳಕ್ಕಿಗಳು. ಬೆಳ್ಳಕ್ಕಿಗಳ ಹಿಂಡು ಚೌಕಟ್ಟನ್ನೆಲ್ಲ ತುಂಬುವಂತೆ ಹಿಡಿದರೆ, ಇಷ್ಟು ಬೆಳಕು ಅತಿಯಾಯಿತೆಂದು ಬಗೆದು ಯಂತ್ರ ಅವುಗಳ ರೆಕ್ಕೆಗೆ ಬೂದಿ ಬಳಿಯುತ್ತದೆ. ಎಮ್ಮೆಯ ಮೈಯೊಂದೇ ಕಾಣುವಂತೆ ಹಿಡಿದರೆ, ಅಯ್ಯೋ ಕತ್ತಲೆಯಾಯಿತೆಂದು ಮರುಗಿ ಅದಕ್ಕೂ ಬೂದಿಯನ್ನೇ ಬಳಿಯುತ್ತದೆ. ಎಮ್ಮೆಯೂ ಬೆಳ್ಳಕ್ಕಿಯೂ ಒಂದೇ ಬಣ್ಣವಾಗಿ ಕಾಣುವ ಈ ಸಮದರ್ಶನ ವೇದಾಂತಿಗಳಿಗೆ ಪ್ರಿಯವಾಗಬಹುದು. ಎಮ್ಮೆಗೂ ಬೆಳ್ಳಕ್ಕಿಗೂ ಪ್ರಿಯವಾಗಲಾರದು. ಜ್ಞಾನಿಯ ಸಮದರ್ಶನ ಭೇದವನ್ನು ಕಂಡು, ಅದನ್ನು ದಾಟಿ ಬಂದದ್ದು. ಯಂತ್ರದ್ದು ಭೇದವನ್ನು ಕಾಣುವುದಕ್ಕೆ ಮುಂಚೆಯೇ ಒರಸಿಹಾಕಿದ್ದು.

ಈಚಿನ ಯಂತ್ರಗಳು ಇಷ್ಟು ಮುಗ್ಧವಾಗಿಲ್ಲವೆಂಬುದನ್ನು ಒಪ್ಪಬೇಕು. 1983ರಲ್ಲಿ ನಿಕಾನ್ ಕಂಪೆನಿಯ ಕ್ಯಾಮರಾವೊಂದು ನೋಟವನ್ನು ಐದು ತುಂಡುಮಾಡಿ, ಒಂದೊಂದನ್ನೂ ಬೇರೆ ಬೇರೆ ಅಳೆದು ತೂಗಿನೋಡುವ ಕ್ರಮವನ್ನು ತಂದಿತು. ಈಗಿನವು ಮುಖವನ್ನು ಗುರುತಿಸುತ್ತವೆ, ಕಣ್ಣನ್ನು ಗುರುತಿಸುತ್ತವೆ, ಆಕಾಶ ಯಾವುದು ಅನ್ನ ಯಾವುದು ಎಂಬುದನ್ನೂ ಹೇಳುತ್ತವೆ. ಆದರೂ ಅವು ಹೇಳುವುದು ತಾವು ಹಿಂದೆ ಕಂಡ ಸಾವಿರಾರು ಚಿತ್ರಗಳ ಬಲದಿಂದಲೇ ಹೊರತು, ಈ ಸಂಜೆಯ ಈ ಗದ್ದೆಯ ಬಲದಿಂದಲ್ಲ.

ಇದಕ್ಕೆ ಪರಿಹಾರ ದೂರದಲ್ಲೇನೂ ಇಲ್ಲ. ಹಸುರು ಗುರುತಿನಿಂದ ಚಕ್ರವನ್ನು ತುಸು ತಿರುಗಿಸಿ ‘ಪಿ’ ಎಂಬ ಅಕ್ಷರಕ್ಕೆ ತಂದರೆ, ಲೆಕ್ಕದ ಭಾರವನ್ನು ಯಂತ್ರ ಇನ್ನೂ ತಾನೇ ಹೊರುತ್ತದೆ; ಆದರೆ ನಮ್ಮ ಒಂದು ಮಾತನ್ನು ಕೇಳಲು ಒಪ್ಪುತ್ತದೆ. ಕೂಡುವ ಕಳೆಯುವ ಚಿಹ್ನೆಗಳಿರುವ ಒಂದು ಗುಂಡಿ ಅಲ್ಲಿ ನಮ್ಮ ಕೈವಶವಾಗುತ್ತದೆ. ಕೂಡುವ ಕಡೆಗೆ ಒಂದು ಮೆಟ್ಟಲು ಏರಿಸಿದರೆ ಬೆಳಕು ಇಮ್ಮಡಿಯಾಗುತ್ತದೆ. ಕಳೆಯುವ ಕಡೆಗೆ ಇಳಿಸಿದರೆ ಅರ್ಧವಾಗುತ್ತದೆ. ಬೆಳ್ಳಕ್ಕಿಗೆ ಒಂದು ಕೂಡಿ, ಎಮ್ಮೆಗೆ ಒಂದು ಕಳೆಯಿರಿ. ಎರಡೂ ತಮ್ಮ ತಮ್ಮ ಬಣ್ಣಕ್ಕೆ ಹಿಂದಿರುಗುತ್ತವೆ. ಇದಕ್ಕೆ ದೊಡ್ಡ ಶಾಸ್ತ್ರಜ್ಞಾನ ಬೇಡ. ಎದುರಿಗಿರುವುದು ಏನೆಂಬ ಅರಿವು ಬೇಕು, ಅಷ್ಟೆ.

ಬೆಳಕಿನ ಅಳತೆಯಂತೆಯೇ ಅದರ ಬಣ್ಣದ ವಿಚಾರವೂ. ನಡುಹಗಲ ಬಿಸಿಲನ್ನು ಸುಮಾರು 5500 ಕೆಲ್ವಿನ್ ಎಂದೂ, ಎಣ್ಣೆಯ ದೀಪವನ್ನು ಸುಮಾರು 1900 ಎಂದೂ ವಿಜ್ಞಾನಿಗಳು ಅಳೆಯುತ್ತಾರೆ. ದೀಪದ ಹೊಂಬಣ್ಣವನ್ನು ಯಂತ್ರ ಒಂದು ದೋಷವೆಂದೆಣಿಸಿ, ಬಹುಮಟ್ಟಿಗೆ ತೊಳೆದು ಬಿಳಿದುಮಾಡಲೆತ್ನಿಸುತ್ತದೆ. ನಮ್ಮ ಕಣ್ಣೂ ಇದೇ ಕೆಲಸವನ್ನು ಸ್ವಲ್ಪ ಮಾಡುವುದುಂಟು. ಇಲ್ಲದಿದ್ದರೆ ದೀಪದಡಿಯ ಬಿಳಿಯ ಕಾಗದ ನಮಗೆ ಬಿಳಿಯದಾಗಿ ತೋರುತ್ತಿರಲಿಲ್ಲ. ಆದರೆ ಕಣ್ಣು ಎಲ್ಲವನ್ನೂ ತೊಳೆಯುವುದಿಲ್ಲ. ದೀಪ ದೀಪವೆಂಬುದಕ್ಕೆ ಸಾಕ್ಷಿಯಾಗುವಷ್ಟನ್ನು ಉಳಿಸಿಕೊಳ್ಳುತ್ತದೆ. ಕಾರ್ತಿಕದ ಸಂಜೆಯ ದೀಪದ ಸಾಲನ್ನು ಯಂತ್ರದ ಇಷ್ಟಕ್ಕೆ ಬಿಟ್ಟು ನೋಡಿ. ಅನೇಕ ವೇಳೆ ಅದು ಆಸ್ಪತ್ರೆಯ ಮೊಗಸಾಲೆಯಂತೆ ಕಾಣುತ್ತದೆ.

ಬೇಲೂರಿನ ಚೆನ್ನಕೇಶವನ ಗುಡಿ 1117ರಲ್ಲಿ ಪ್ರತಿಷ್ಠಿತವಾಯಿತು. ಹೊರಗಿನ ಬಿಸಿಲಿನಿಂದ ನವರಂಗದೊಳಕ್ಕೆ ಕಾಲಿಟ್ಟವನಿಗೆ ಮೊದಲು ಏನೂ ಕಾಣುವುದಿಲ್ಲ. ಜಾಲಂಧ್ರಗಳಿಂದ ಸೋಸಿ ಬರುವ ಬೆಳಕಿನಲ್ಲಿ ನಾಲ್ಕು ನಿಮಿಷ ನಿಂತರೆ ಒಂದು ಕಂಬದ ಹೊಳಪು, ಆಮೇಲೆ ಒಂದು ಕೈಬಳೆಯ ಅಂಚು, ಆಮೇಲೆ ಭುವನೇಶ್ವರಿಯ ಕಮಲ ಒಂದೊಂದಾಗಿ ಮೈದೋರುತ್ತವೆ. ಹೀಗೆ ಕಾಯಿಸಿ ತೋರಿಸುವುದು ಆ ಕಲ್ಲಿನ ಮನೆಯ ಗುಣವೆಂದೇ ನನಗೆ ತೋರುತ್ತದೆ. ಆದರೆ ಈಗಿನ ಫೋನು ಅರೆಗತ್ತಲೆಯನ್ನು ಕಂಡೊಡನೆ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹಿಡಿದು, ಕೂಡಿಸಿ, ಮೂಲೆಮೂಲೆಯನ್ನೂ ಬೆಳಗಿ ನಮ್ಮ ಮುಂದಿಡುತ್ತದೆ. ಶಿಲ್ಪವನ್ನು ಅಭ್ಯಾಸಮಾಡುವವರಿಗೆ ಅದು ವರಪ್ರಸಾದ, ಸಂದೇಹವಿಲ್ಲ. ಗುಡಿಯನ್ನು ಹೊಕ್ಕ ಅನುಭವವನ್ನು ಮನೆಗೆ ತರಬೇಕೆಂದವರಿಗೆ ಮಾತ್ರ ಅದರಲ್ಲಿ ಗುಡಿ ಸಿಕ್ಕುವುದಿಲ್ಲ, ಗೋಡೆ ಸಿಕ್ಕುತ್ತದೆ.

ಕತ್ತಲೆಯನ್ನು ಕಾಪಾಡುವುದೂ ಒಂದು ವಿದ್ಯೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಆ ವಿದ್ಯೆಯಲ್ಲಿ ಪಾರಂಗತರು. 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಅವರು ಕನ್ನಡಿಗಳನ್ನಿಟ್ಟು ಸೂರ್ಯನ ಬೆಳಕನ್ನೇ ಸ್ಟುಡಿಯೋದೊಳಕ್ಕೆ ತಿರುಗಿಸಿ, ಕತ್ತಲೆಯ ನಡುವೆ ಒಂದು ಬೆಳಕಿನ ಕಂಬವನ್ನು ನಿಲ್ಲಿಸಿದರು. ನೋಡಿದವರು ಇಂದಿಗೂ ನೆನೆಯುವುದು ಆ ಬೆಳಕನ್ನು. ಅದರ ಸುತ್ತ ಅಷ್ಟು ಕತ್ತಲೆಯನ್ನು ಹಾಗೆಯೇ ಬಿಡುವ ಧೈರ್ಯವಿಲ್ಲದಿದ್ದರೆ ಆ ಕಂಬ ನಿಲ್ಲುತ್ತಿರಲಿಲ್ಲ. ಸರಾಸರಿಯನ್ನೇ ನಂಬಿದ ಯಂತ್ರವೊಂದು ಅಲ್ಲಿದ್ದಿದ್ದರೆ, ಪಾತ್ರಗಳ ಅಗಲಿಕೆಯನ್ನು ಮರೆತು ಸ್ಟುಡಿಯೋದ ಮೂಲೆಗಳನ್ನು ಚೆನ್ನಾಗಿ ತೋರಿಸುತ್ತಿತ್ತು.

ಹಾಗಾದರೆ ಈ ಸರಾಸರಿ ಯಾರದು? ಅದು ಆಕಾಶದಿಂದ ಇಳಿದುಬಂದದ್ದಲ್ಲ. ಎಲ್ಲಿಯೋ ಕುಳಿತು ಯಾರೋ ಮಾಡಿದ ತೀರ್ಮಾನ. ಬಣ್ಣದ ಫಿಲ್ಮಿನ ಕಾಲದಲ್ಲಿ, ಅಚ್ಚಿನ ಬಣ್ಣ ಸರಿಯಾಗಿದೆಯೇ ಎಂದು ನೋಡಿಕೊಳ್ಳಲು ಪ್ರಯೋಗಶಾಲೆಗಳಲ್ಲಿ ಒಂದು ಚಿತ್ರವನ್ನಿಡುತ್ತಿದ್ದರು. ಅದರಲ್ಲಿ ಬಹುಕಾಲ ಇದ್ದವಳು ಬಿಳಿಯ ಮೈಬಣ್ಣದ ಹೆಂಗಸು. ಶರ್ಲಿ ಕಾರ್ಡೆಂದೇ ಅದಕ್ಕೆ ಹೆಸರಾಯಿತು. ಅವಳ ಕೆನ್ನೆ ಸರಿಯಾಗಿ ಕಂಡರೆ ಲೋಕವೆಲ್ಲ ಸರಿಯಾಗಿದೆಯೆಂದು ಅರ್ಥ. ಕಪ್ಪು ಮೈಯವರ ಮುಖ ಚಿತ್ರದಲ್ಲಿ ಕಣ್ಣೂ ಹಲ್ಲೂ ಮಾತ್ರ ಉಳಿದ ಕತ್ತಲೆಯಾದರೆ, ಅದು ಫಿಲ್ಮಿನ ದೋಷವೆಂದು ಬಹುಕಾಲ ಯಾರಿಗೂ ತೋರಲಿಲ್ಲ. 2021ರಲ್ಲಿ ಗೂಗಲ್ ಕಂಪೆನಿ ತನ್ನ ಫೋನಿನ ಕ್ಯಾಮರಾವನ್ನು ಎಲ್ಲ ಮೈಬಣ್ಣಗಳಿಗೂ ನ್ಯಾಯ ಸಲ್ಲುವಂತೆ ತಿದ್ದಿರುವುದಾಗಿ ಸಾರಿತು. ತಿದ್ದಬೇಕಾಗಿ ಬಂದಿತೆಂಬುದೇ ಇಲ್ಲಿ ಗಮನಿಸತಕ್ಕ ಮಾತು.

ನನ್ನ ಸೋದರತ್ತೆಯದು ಎಣ್ಣೆಗಪ್ಪು. ಎಂಬತ್ತಾರು ವರ್ಷ ಬಾಳಿದರು. ಮನೆಯ ಮಕ್ಕಳಿಗೆಲ್ಲ ಅವರು ಕರಿಯಜ್ಜಿ. ಹಾಗೆ ಕರೆಯಲು ಹೇಳಿಕೊಟ್ಟವರೂ ಅವರೇ. ಕೃಷ್ಣನ ಬಣ್ಣ ನನಗೆ ಬಂದಿದೆ, ಅವನ ಬುದ್ಧಿ ನಿಮಗೆಲ್ಲ ಬಂದಿದೆ ಎಂದು ಬೆಣ್ಣೆ ಕದ್ದ ಹುಡುಗರನ್ನು ಗದರುತ್ತಿದ್ದರು. ಅವರು ತೀರಿಕೊಂಡ ಮೇಲೆ ಹದಿಮೂರನೆಯ ದಿನಕ್ಕೆ ಒಂದು ಭಾವಚಿತ್ರ ಬೇಕಾಯಿತು. ಬಂಧುವೊಬ್ಬರ ಫೋನಿನಲ್ಲಿ ಮದುವೆಯೊಂದರಲ್ಲಿ ಹಿಡಿದ ಚಿತ್ರವಿತ್ತು. ಅದನ್ನೇ ದೊಡ್ಡದುಮಾಡಿಸಿ ಕಟ್ಟುಹಾಕಿಸಿ ತಂದರು. ಚಿತ್ರ ನಿರ್ದುಷ್ಟವಾಗಿತ್ತು. ಮುಖವನ್ನು ಕಂಡಕೂಡಲೆ ತಾನಾಗಿ ಚೆಲುವುಗೊಳಿಸುವ ಏರ್ಪಾಡೊಂದು ಆ ಫೋನಿನಲ್ಲಿದ್ದುದರಿಂದ ಸುಕ್ಕುಗಳು ಮಾಯವಾಗಿದ್ದುವು. ಮೈ ಗೋದಿಯ ಬಣ್ಣಕ್ಕೆ ತಿರುಗಿತ್ತು. ಮಾಲೆ ಹಾಕಿ ನಡುಮನೆಯಲ್ಲಿಟ್ಟರು. ಅವರ ತೊಡೆಯ ಮೇಲೆ ಮಲಗಿ ಬೆಳೆದ ನಾಲ್ಕು ವರ್ಷದ ಮರಿಮಗಳು ಬಹಳ ಹೊತ್ತು ಅದರ ಮುಂದೆ ನಿಂತಿದ್ದು, “ಇವರು ಯಾರು?” ಎಂದಳು.

ಯಾರೂ ಉತ್ತರ ಕೊಡಲಿಲ್ಲ. ಚಿತ್ರ ಹಿಡಿದವರದೇನೂ ತಪ್ಪಿಲ್ಲ, ಪ್ರೀತಿಯಿಂದಲೇ ಹಿಡಿದಿದ್ದರು. ಯಂತ್ರ ಮಾಡಿದವನೂ ಕೇಡು ಬಯಸಿದವನಲ್ಲ. ಮುದುಕಿಯೊಬ್ಬಳು ಕಪ್ಪಗೆ, ಸುಕ್ಕುಗಟ್ಟಿ, ಹಾಗಿದ್ದೂ ಚೆಲುವೆಯಾಗಿರಬಹುದೆಂಬ ಸಂಗತಿ ಅವನ ಸರಾಸರಿಯಲ್ಲಿ ಸೇರಿರಲಿಲ್ಲ, ಅಷ್ಟೆ.

ಅದಕ್ಕೆ ಎರಡು ವರ್ಷ ಮೊದಲು ಒಂದು ಸಂಜೆ, ಅವರು ದೀಪದ ಬಳಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದಾಗ ನಾನು ಹಿಡಿದ ಚಿತ್ರವೊಂದಿದೆ. ಎರಡು ಮೆಟ್ಟಲು ಕಳೆದು ಹಿಡಿದದ್ದು. ಅರ್ಧ ಮುಖ ಕತ್ತಲೆಯಲ್ಲಿದೆ. ಉಳಿದರ್ಧದಲ್ಲಿ ಕೆನ್ನೆಯ ಮೂಳೆಯ ಮೇಲೆ ದೀಪದ ಹೊಂಬಣ್ಣ, ಮೂಗುಬೊಟ್ಟಿನ ಒಂದು ಕಿಡಿ, ಬತ್ತಿಯನ್ನು ಹಿಡಿದ ಎರಡು ಬೆರಳು. ಮರಣೋತ್ತರದ ಪೂಜೆಗೆ ಅದು ತಕ್ಕುದಲ್ಲ, ಮುಖವೇ ಸರಿಯಾಗಿ ಕಾಣುವುದಿಲ್ಲವೆಂದು ಹಿರಿಯರು ಹೇಳಿದರು. ಅವರ ದೃಷ್ಟಿಯಿಂದ ಅದು ನ್ಯಾಯವೇ. ನಡುಮನೆಯಲ್ಲಿ ಮಾಲೆ ಹಾಕಿದ ಚಿತ್ರ ಇಂದಿಗೂ ಇದೆ. ಇನ್ನೊಂದನ್ನು ನನ್ನ ಅತ್ತಿಗೆ ಕೇಳಿ ಪಡೆದು ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದಾರೆ. ಅವರು ಇರುತ್ತಿದ್ದದ್ದು ಅಲ್ಲಿಯೇ ಎಂಬುದು ಆಕೆ ಕೊಟ್ಟ ಕಾರಣ.

ಯಂತ್ರವನ್ನು ಬಿಟ್ಟು ಕೈಯಿಂದಲೇ ಎಲ್ಲವನ್ನೂ ಮಾಡಬೇಕೆಂದು ನಾನು ವಾದಿಸುತ್ತಿಲ್ಲ. ನಮ್ಮ ಬದುಕಿನ ಬಹುಭಾಗ ಹಸುರು ಗುರುತಿನ ಮೇಲೆಯೇ ನಡೆಯುತ್ತದೆ. ಎದುರಿಗೆ ಬಂದವರನ್ನು ಸೌಖ್ಯವೇ ಎನ್ನುವುದು, ಅವರು ಸೌಖ್ಯವೆನ್ನುವುದು, ಇವೆಲ್ಲ ಪೂರ್ವಸಿದ್ಧವಾದ ಏರ್ಪಾಡುಗಳು. ಅವಿಲ್ಲದಿದ್ದರೆ ಹೊತ್ತು ಸಾಗದು. ಆದರೆ ನಾವು ಪ್ರೀತಿಸುವ ವಸ್ತುವಾಗಲಿ ಮನುಷ್ಯರಾಗಲಿ ಸರಾಸರಿಗೆ ಸೇರಿದವರಲ್ಲ. ಸೇರಿದವರಾಗಿದ್ದರೆ ಬೇರೆಯವರನ್ನು ಬಿಟ್ಟು ಅವರನ್ನೇ ಏಕೆ ಪ್ರೀತಿಸುತ್ತಿದ್ದೆವು? ಅವರ ಮುಂದೆ ಕ್ಯಾಮರಾ ಎತ್ತಿದಾಗಲಾದರೂ, ಇವರಲ್ಲಿ ಎಷ್ಟು ಬೆಳಕು, ಎಷ್ಟು ನೆರಳು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕು. ಉತ್ತರ ಹೊಳೆದ ಮೇಲೆ ಮಿಕ್ಕ ಲೆಕ್ಕವನ್ನು ಯಂತ್ರ ಮಾಡಲಿ. ಅದು ನಮಗಿಂತ ಚೆನ್ನಾಗಿ ಮಾಡುತ್ತದೆ.