ತಳದ ಮೀನು

ಘೋಡಗೇರಿ ಸುತ್ತಿನ ಮಂದಿಗೆ ನೀರು ಅಂದರೆ ಮೊದಲು ಘಟಪ್ರಭಾ. ಮೇಲೆ ಹಿಡಕಲ್ ಡ್ಯಾಮು, ಕೆಳಗೆ 1897ರ ಧೂಪದಾಳದ ಒಡ್ಡು. ಹೊಳಿ ನೀರು ಹತ್ತಿದಲ್ಲಿ ಕಬ್ಬು, ಹತ್ತದಲ್ಲಿ ಮಡ್ಡಿ. ನಾಡಿನ ಒಣಬೇಸಾಯದ ಹೊಲಗಳಿಗೆ 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂತು, ಹೊಂಡ ತೋಡಿದರು. ಹೊಂಡದಾಗ ಮೀನು ಬಿಡೋದು ಬಂತು. ಆ ಮೀನಿನ ಲೆಕ್ಕ ಹೇಳತೀನಿ. ಅದರಾಗ ನಮ್ಮ ಲೆಕ್ಕನೂ ಐತಿ.

21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ಅಂದರೆ 441 ಚದರ ಮೀಟರ್ ನೀರು, ನಾಲ್ಕು ಗುಂಟೆಗಿಂತ ತುಸು ಹೆಚ್ಚು. ಹೆಕ್ಟೇರಿಗೆ ಐದರಿಂದ ಹತ್ತು ಸಾವಿರ ಮರಿ ಅನ್ನೋದು ರೂಢಿಯ ಲೆಕ್ಕ. ಆ ಪ್ರಕಾರ ಈ ಹೊಂಡಕ್ಕೆ ಮುನ್ನೂರು ಮರಿ ಸಾಕು. ಬೆರಳುದ್ದ ಬೆಳೆದ ಮರಿನೇ ಬಿಡಬೇಕು. ನೂರಾ ಇಪ್ಪತ್ತು ಕಾಟ್ಲಾ, ತೊಂಬತ್ತು ರೋಹು, ತೊಂಬತ್ತು ಮೃಗಾಲ್. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದದ್ದು, ಅದು ಮೇಲಿನ ನೀರಿನ ಸಣ್ಣ ಹುಳ ತಿನ್ನುತ್ತದೆ. ರೋಹು ನಡುವೆ ಮೇಯುತ್ತದೆ. ಮೃಗಾಲ್ ತಳಕ್ಕೆ ಬಿದ್ದ ಕೊಳೆತದ್ದನ್ನು ತಿನ್ನುತ್ತದೆ.

ಹೊಂಡದ ಕೆಲಸಕ್ಕೆ ಹೋದಾಗ ಇದನ್ನೇ ಕೇಳಿದ ಸಾವ್ಕಾರರೊಬ್ಬರು ನಕ್ಕರು. “ನೋಡೋ ತಮ್ಮಾ, ನೀರಾಗೂ ಮ್ಯಾಲಿನವರು, ನಡುವಿನವರು, ಕೆಳಗಿನವರು ಅದಾರ. ದೇವರು ಮಾಡಿದ್ದು. ನೀವು ಸುಮ್ನ ಒದರಾಡತೀರಿ.”

“ಸಾವ್ಕಾರ್ರ, ಮೃಗಾಲ್ ಬಾಯಿ ಹುಟ್ಟಾನ ಕೆಳಗೈತ್ರಿ. ನಮ್ಮ ಬಾಯಿ ನಿಮ್ಮ ಬಾಯಿ ಇದ್ದಲ್ಲೇ ಐತಿ” ಅಂದೆ.

ಮರುದಿನ ನನಗೆ ಕೂಲಿಗೆ ಹೇಳಿಕಳಿಸಲಿಲ್ಲ. ಆ ವಾರ ಮನೆಯಲ್ಲಿ ಒಲೆ ಹೆಂಗ ಉರೀತು ಅಂತ ಅವ್ವನನ್ನೇ ಕೇಳಬೇಕು.

ಅವತ್ತು ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಹೇಳತೀನಿ. ತಳದ ಮೀನು ಮೇಲೆ ಬಂದರೆ ನೀರು ಮೈಲಿಗೆ ಆಯ್ತು ಅಂತ ಯಾವ ಕಾಟ್ಲಾನೂ ಕೂಗೋದಿಲ್ಲ. ನಸುಕಿನಾಗ ನೀರಿನ ಉಸಿರು ಕಡಿಮೆ ಆದಾಗ ಮೂರೂ ಮೇಲೆ ಬಂದು ಬಾಯಿ ಬಿಡುತ್ತವೆ. ತಿನ್ನದೆ ಉಳಿದ ಶೇಂಗಾ ಹಿಂಡಿ, ತೌಡು, ಅತಿಯಾದ ಸಗಣಿ ತಳದಲ್ಲಿ ಕೊಳೆತು ಆ ಉಸಿರನ್ನು ನುಂಗುತ್ತದೆ. ಆಗ ಮೇವು ನಿಲ್ಲಿಸಿ ಹೊಸ ನೀರು ಹಾಯಿಸಬೇಕು. ತಳ ಕೆಟ್ಟರೆ ಮೇಲಿನವನೂ ಸಾಯುತ್ತಾನೆ. ಹೊಂಡದ ಸಮತೋಲ ಅಂದರೆ ಇದು.

ಅದನ್ನು ಕೆಡಿಸುವ ದಾರಿಗಳೂ ಉಂಟು. ಆಸೆಗೆ ಸಾವಿರ ಮರಿ ಸುರಿದರೆ ಯಾವುದೂ ತೂಕಕ್ಕೆ ಬರೋದಿಲ್ಲ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಹಾಕವು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದು ಕೊಟ್ಟು ಗೆಂಡೆ ಜಾತಿಯ ಮೀನಿನಿಂದ ಮೊಟ್ಟೆ ಇಡಿಸಿ ತೋರಿಸಿದ ಮೇಲೆ ಮರಿಗೆ ಹೊಳೆಯನ್ನೇ ಕಾಯುವುದು ತಪ್ಪಿತು. ತಿಲಾಪಿಯಾ ಹಂಗಲ್ಲ, ಹೊಂಡದಲ್ಲೇ ಹೆತ್ತು ಹೆತ್ತು ನೀರು ತುಂಬಿ ಎಲ್ಲವೂ ಗಿಡ್ಡಾಗುತ್ತವೆ. ಕೊರವ ಮೀನು ಮೊದಲೇ ಸೇರಿದ್ದರೆ ಬಿಟ್ಟ ಮರಿ ಅದರ ಹೊಟ್ಟೆಗೆ. ಬಿತ್ತುವ ಮುಂಚೆ ಬಲೆ ಎಳೆದು ಅದನ್ನು ತೆಗೆಯಬೇಕು. ಸಿಕ್ಕದ್ದನ್ನೆಲ್ಲ ನುಂಗುವ ಆಫ್ರಿಕದ ಕ್ಯಾಟ್‌ಫಿಶ್ ಸಾಕಣೆಯನ್ನು 2000ದಲ್ಲಿ ಸರಕಾರ ನಿಷೇಧಿಸಿತು. ನೀರಿನ ನುಂಗಣ್ಣನನ್ನು ಗುರುತಿಸುವ ಕಣ್ಣು ನೆಲದ ಮೇಲೆ ಯಾಕೆ ಮಂಜಾಗುತ್ತದೆ?

ಕೃಷಿಭಾಗ್ಯದಲ್ಲಿ ಪರಿಶಿಷ್ಟರಿಗೆ ಶೇಕಡಾ 90ರಷ್ಟು ಸಹಾಯಧನ ಇಟ್ಟರು. ಒಳ್ಳೇದು. ಆದರೆ ಹೊಂಡಕ್ಕೆ ಹೊಲ ಬೇಕು, ಹೊಲಕ್ಕೆ ಉತಾರ ಬೇಕು. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಕೂಲಿ ಮಾಡಿದ ನಮ್ಮಪ್ಪನ ಹೆಸರು ಯಾವ ಗೇಣಿ ಚೀಟಿಯಲ್ಲಿತ್ತು? ಸೊನ್ನೆಯ ಶೇಕಡಾ 90 ಎಷ್ಟಾಗುತ್ತದೆ ಅಂತ ಶಾಲೆ ಹುಡುಗರೂ ಹೇಳುತ್ತಾರೆ.

ಮಹಾಡದ ಚವದಾರ ಕೆರೆಯಲ್ಲಿ 1927ರಲ್ಲಿ ಬಾಬಾಸಾಹೇಬರು ಬೊಗಸೆ ನೀರು ಎತ್ತಿ ಕುಡಿದರು. ಕುಡಿಯುವ ಹಕ್ಕಿನ ಮಾತು ಅಲ್ಲಿಂದ ನಡೆದು ಬಂತು. ಈಗ ನೀರಿನಲ್ಲಿ ಬೆಳೆಯುವ ಅನ್ನದ ಮಾತು. ಹೊಲ ಇಲ್ಲದವರು ಗುಂಪು ಕಟ್ಟಿ ಊರ ಕೆರೆಯ ಮೀನಿನ ಹಕ್ಕು ಕೇಳಬೇಕು. ಮರಿ ಎಷ್ಟು, ಮೇವು ಎಷ್ಟು, ಬಲೆ ಯಾವಾಗ ಅನ್ನುವ ವಿದ್ಯೆ ನಮ್ಮ ಹುಡುಗ ಹುಡುಗಿಯರ ಕೈಗೆ ಬರಬೇಕು. ಹೊಂಡ ತೋಡಿದ್ದು ನಮ್ಮ ಗುದ್ದಲಿ. ಮೀನು ತೂಗುವಾಗ ತಕ್ಕಡಿ ಹಿಡಿಯುವ ಕೈಯೂ ನಮ್ಮದಾಗಲಿ.