ಉಸಿರಿನ ಲೆಕ್ಕ

ನನ್ನ ಸೋದರತ್ತೆಯವರು ನಲವತ್ತು ವರ್ಷ ಸೌದೆಯ ಒಲೆಯನ್ನು ಊದಿದವರು. ಅವರ ದಮ್ಮು ಒಂದು ಚೀಟಿಯಲ್ಲಿ, ಮಧುಮೇಹ ಇನ್ನೊಂದರಲ್ಲಿ, ರಕ್ತದೊತ್ತಡ ಮತ್ತೊಂದರಲ್ಲಿ ಬರೆಯಲ್ಪಟ್ಟಿವೆ. ಮೂರೂ ಒಂದೇ ದೇಹದವೆಂಬುದನ್ನು ಯಾವ ಚೀಟಿಯೂ ಅರಿಯದು. ದಮ್ಮು ಕೆರಳಿದಾಗ ನುಂಗುವ ಸ್ಟೀರಾಯ್ಡ್ ಮಾತ್ರೆ ರಕ್ತದ ಸಕ್ಕರೆಯನ್ನು ಏರಿಸುವುದುಂಟು. ಆದುದರಿಂದ ಚೀಟಿಗಳ ಈ ಅಗಲಿಕೆ ಅಲ್ಪವಾದುದಲ್ಲ.

ಸಂಶೋಧಕರ ಕಷ್ಟವೂ ಇದೇ. ಒಬ್ಬರು ಕೆಮ್ಮನ್ನು ತಿಂಗಳುಗಳಲ್ಲಿ ಎಣಿಸಿ, ಇನ್ನೊಬ್ಬರು ‘ಬಹುದಿನದಿಂದ’ ಎಂದು ಬರೆದರೆ ಎರಡನ್ನೂ ಕೂಡಿಸಿ ನೋಡಲು ಬಾರದು. ಅಳತೆ ಒಂದಾದರೆ ಎಷ್ಟು ತಿಳಿಯಬಹುದೆಂಬುದಕ್ಕೆ ನಮ್ಮೂರಿನಲ್ಲಿಯೇ ನಿದರ್ಶನವಿದೆ. ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ್ ಮತ್ತು ಅವರ ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರು ಸೇವಿಸಿದ ಒಲೆಹೊಗೆಯನ್ನು ಸರಳವಾಗಿ ಲೆಕ್ಕಹಾಕಿದರು: ದಿನಕ್ಕೆ ಅಡಿಗೆಯ ಗಂಟೆಗಳೆಷ್ಟು, ಅಂತಹ ವರ್ಷಗಳೆಷ್ಟು ಎಂದು ಕೇಳಿ ಗುಣಿಸುವುದು. ಗುಣಲಬ್ಧವು 60ನ್ನು ಮುಟ್ಟಿದರೆ ದೀರ್ಘಕಾಲದ ಬ್ರಾಂಕೈಟಿಸ್ ಎಂಬ ಕಫದ ಕೆಮ್ಮಿನ ಅಪಾಯ ಕಾಣುತ್ತದೆಂದು 2013ರಲ್ಲಿ ಪ್ರಕಟಿಸಿದರು. ಸೋದರತ್ತೆಯವರದು ದಿನಕ್ಕೆ ಮೂರು ಗಂಟೆ, ನಲವತ್ತು ವರ್ಷ, ಲೆಕ್ಕ 120.

ಅದಕ್ಕೂ ಹಿಂದೆ, 1934ರಿಂದ, ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳೇ ದಶಕಗಳು ಕಳೆದ ಮೇಲೆ ಹೃದ್ರೋಗ, ಮಧುಮೇಹಗಳ ಮೂಲವನ್ನು ಅರಸಿದವರಿಗೆ ಆಧಾರವಾದವು. ಬರೆದವರಿಗೆ ಅದರ ಕಲ್ಪನೆಯೂ ಇದ್ದಿರಲಾರದು.

ಶ್ವಾಸರೋಗಿಯ ಪುಸ್ತಕವೂ ಹಾಗಿರಲಿ: ಊದಿದ ಉಸಿರಿನ ಅಳತೆ, ಹೊಗೆಯ ಲೆಕ್ಕ, ಜೊತೆಯ ವ್ಯಾಧಿಗಳು, ಔಷಧಗಳು, ಎಲ್ಲವೂ ಒಂದೇ ಪುಟದಲ್ಲಿ, ಎಲ್ಲ ಆಸ್ಪತ್ರೆಗಳಲ್ಲಿಯೂ ಒಂದೇ ಹೆಸರಿನಿಂದ, ತಾರೀಖಿನೊಡನೆ.